ಎದುರುಮನೆಯವಳು ಕೂತು ಎದ್ದ ಕತೆ

ಸ್ವಲ್ಪ ಈಚೆಗೆ ಬನ್ನಿ. ಹಾಂ, ಇನ್ನೊಂಚೂರು. ಕಿಟಕಿ ತೆಗೆದಿದ್ರೆ ಮುಚ್ಬಿಡಿ. ನಾನೀಗ ಹೇಳೋದನ್ನ ಓದಿ, ನಕ್ಕು, ಮಡಚಿ ಇಟ್ಬಿಡಬೇಕು, ಯಾರಿಗೂ ಹೇಳಕೂಡದು. ತಂಗಿಗೆ ಹೇಳ್ದಿದ್ರೆ ನಿದ್ದೆ ಬರಲ್ಲ ಅನ್ನೋದಾದ್ರೆ ಅವಳೊಬ್ಬಳಿಗೆ ಹೇಳಿ, ಆದ್ರೆ ಮೊದಲು ಅವಳ ಕೈಲಿ ಆಣೆ ಹಾಕಿಸಿಕೊಳ್ಳಿ. ನಾನೂ ಹಂಗೇ ಮಾಡಿರೋದು.

ದೊಡ್ಡಬಳ್ಳಾಪುರದ ನಮ್ಮ ಬೀದೀಲಿ ಇಂಥವು ನಡೀತಾನೇ ಇರ್ತವೆ. ನಾನೇನೂ ಹುಡುಕ್ಕೊಂಡು ಹೋಗಲ್ಲ. ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡು ಕಿಟಕಿ ಹತ್ರ ಕೂತ್ರೆ ಅವೇ ನನ್ನ ಕಣ್ಣಿಗೆ ಬಂದು ಬೀಳ್ತವೆ. ನಾನು ಓದಿರೋದು ಮೂರನೇ ಕ್ಲಾಸು. ಪೇಪರಿನ ಒಂದು ಹಾಳೆ ಓದೋಕೆ ಒಂದು ಗಂಟೆ ಬೇಕು. ಬೀದಿ ಓದೋಕೆ ಒಂದು ನಿಮಿಷ ಸಾಕು.

೧. ಹನ್ನೊಂದು ಗಂಟೆ ಚೀಲ

ನಮ್ಮ ಎದುರುಮನೆಯವಳಿಗೆ ಐವತ್ತನಾಲ್ಕು ವರ್ಷ. ಗಂಡನಿಗೆ ಬಸ್ ಸ್ಟ್ಯಾಂಡ್ ಹತ್ರ ಪಾತ್ರೆ ಅಂಗಡಿ. ಒಬ್ಬಳೇ ಮಗಳು, ಬೂದಿಗೆರೆಗೆ ಕೊಟ್ಟಿದಾರೆ. ಒಳ್ಳೇ ಹೆಂಗಸು. ಮೂವತ್ತು ವರ್ಷದಿಂದ ಎದುರುಬದುರು ಇದೀವಿ, ಅವಳ ಮೇಲೆ ಹೇಳೋಕೆ ಒಂದು ಮಾತು ಸಿಕ್ಕಿರಲಿಲ್ಲ. ನಂಗೆ ಅದೊಂದು ಕೊರಗು.

ಹಿಂಗಿರೋವಾಗ ಒಂದು ದಿನ, ಗಂಡ ಅಂಗಡಿಗೆ ಹೋದ ಅರ್ಧ ಗಂಟೆಗೆ, ಮನೆಗೆ ಬೀಗ ಹಾಕಿ ಹೊರಟ್ಲು. ಗಡಿಯಾರದಲ್ಲಿ ಹನ್ನೊಂದು. ಕೈಲಿ ಚೀಲ. ಮೈಮೇಲೆ ಚೂಡಿದಾರ! ಸೀರೆ ಬಿಟ್ಟು ಇನ್ನೊಂದು ಉಟ್ಟವಳಲ್ಲ ಅವಳು. ಒಂದು ಗಂಟೆ ಬಿಟ್ಟು ವಾಪಸ್ ಬಂದ್ಲು ನೋಡಿ, ಮುಖ ಕೆಂಪಗಾಗಿದೆ, ತಲೆ ಕೆದರಿದೆ, ಬೆವರು ಕತ್ತಿನ ಮೇಲೆ ಹರೀತಿದೆ. ಕಾಂಪೌಂಡ್ ಗೋಡೆ ಹಿಡ್ಕೊಂಡು ಹಿಡ್ಕೊಂಡು ನಡೀತಾಳೆ. ಮನೆ ಮುಂದಿನ ಮೂರು ಮೆಟ್ಲು ಹತ್ತೋಕೆ ಮೂರು ಸಲ ನಿಂತ್ಲು. ಮಾರನೇ ದಿನ ಎಲ್ಲಿಗೂ ಹೋಗಲಿಲ್ಲ. ಅದರ ಮಾರನೇ ದಿನ ಮತ್ತೆ ಹನ್ನೊಂದಕ್ಕೆ ಚೀಲ.

ದಿನ ಬಿಟ್ಟು ದಿನ! ನಾನು ಎಲ್ಲಾನೂ ಮನಸ್ಸಲ್ಲೇ ಜೋಡಿಸಿಕೊಂಡೆ. ಯಾರಿಗೂ ಹೇಳಲಿಲ್ಲ. ಹೂವಿನವಳಿಗೆ ಹೇಳಿದೆ, ಅವಳೇನು ನಮ್ಮ ಬೀದಿಯವಳಲ್ಲವಲ್ಲ. ಆಮೇಲೆ ಹಾಲಿನ ಡೈರಿಯವಳಿಗೆ ಹೇಳೋಕೆ ಹೋದ್ರೆ ಅವಳಿಗೆ ಆಗ್ಲೇ ಗೊತ್ತಿತ್ತು. ಹೂವಿನವಳು ಹೇಳಿದ್ಲಂತೆ. ನೋಡಿ, ಗುಟ್ಟು ಇಟ್ಕೊಳ್ಳೋಕೆ ಬರದವರು ಎಷ್ಟು ಜನ ಇರ್ತಾರೆ.

ಐದನೇ ಸಲ ನಾನೂ ತಲೆ ಮೇಲೆ ಸೆರಗು ಹಾಕ್ಕೊಂಡು ಹಿಂದೇನೇ ಹೋದೆ. ಎರಡು ತಿರುವು ದಾಟಿ ಹಳೇ ಮಗ್ಗದ ಶೆಡ್ಡಿಗೆ ನುಗ್ಗಿದ್ಲು. ಆ ಶೆಡ್ಡು ನಂಗೆ ಗೊತ್ತು. ಮದುವೆಯಾಗಿ ಬಂದ ವರ್ಷದಿಂದ ಅಲ್ಲಿ ನೆಲದ ಮೇಲೆ ಕೂತು ಕಂಡಿಕೆಗೆ ನೂಲು ಸುತ್ತಿದೀನಿ. ಆಮೇಲೆ ಮಗ್ಗ ಎಲ್ಲಾ ಮಾರಿ ಬೀಗ ಹಾಕಿದ್ರು. ಈಗ ನೋಡ್ತೀನಿ, ಬಾಗಿಲಿಗೆ ಬಣ್ಣ, ಮೇಲೊಂದು ಬೋರ್ಡು. ಹಿಂದಿನ ಕಿಟಕಿ ಹತ್ರ ಹೋಗಿ ಇಣುಕಿದೆ.

ಒಳಗೆ ಎಂಟು ಹತ್ತು ಹೆಂಗಸ್ರು. ಗಂಡಸು ಅನ್ನೋ ಪ್ರಾಣಿ ಒಂದೂ ಇಲ್ಲ. ನಮ್ಮವಳು ಒಂದು ಕಂಬ ಹಿಡ್ಕೊಂಡು, ಕುಂಡೆ ಹಿಂದಕ್ಕೆ ಚಾಚಿ, ಇಲ್ಲದ ಕುರ್ಚಿ ಮೇಲೆ ಕೂರೋಕೆ ಹೋದವಳ ಹಂಗೆ ಅರ್ಧಕ್ಕೆ ನಿಂತು ಗಡಗಡ ನಡುಗ್ತಿದ್ಲು. ಎದುರಿಗೆ ಮೂವತ್ತು ವರ್ಷದ ಹೆಂಗಸೊಬ್ಬಳು ಪ್ಯಾಂಟು ಹಾಕ್ಕೊಂಡು, "ಇನ್ನೂ ಕೆಳಗೆ ಆಂಟಿ, ಇನ್ನೂ ಕೆಳಗೆ" ಅಂತಿದ್ಲು. ಜಿಮ್ಮಂತೆ! ಹನ್ನೊಂದರಿಂದ ಹನ್ನೆರಡು ಹೆಂಗಸರ ಹೊತ್ತಂತೆ. ಅದರ ಹೆಸರು ಸ್ಕ್ವಾಟಂತೆ. ನಮ್ಮ ಕಾಲದಲ್ಲಿ ಅದನ್ನ ಬಸ್ಕಿ ಅಂತಿದ್ರು, ತಪ್ಪು ಮಾಡಿದೋರ ಕೈಲಿ ಮೇಷ್ಟ್ರು ಹೊಡೆಸೋರು. ಈಗ ದುಡ್ಡು ಕೊಟ್ಟು ಹೊಡೀತಾರೆ.

ಹತ್ತು ದಿನ ನಿದ್ದೆ ಕೆಟ್ಟಿದ್ದೆ ನಾನು. ಕೊನೆಗೆ ಸಿಕ್ಕಿದ್ದು ಇದಾ? ಅದಕ್ಕಿಂತ ಹೆಚ್ಚಾಗಿ ಹೂವಿನವಳಿಗೆ ಏನು ಹೇಳ್ಲಿ ಅನ್ನೋ ಯೋಚ್ನೆ ಹತ್ತಿತು. ಅವಳು ಆಗ್ಲೇ ಇಲ್ಲದ ಗಂಡಸಿಗೆ ಮೀಸೆ, ಚಿನ್ನದ ಚೈನು, ಒಂದು ಬೈಕು ಎಲ್ಲಾ ಕೊಟ್ಟುಬಿಟ್ಟಿದ್ಲು.

೨. ಕೂರೋಕೆ ಬರ್ತದೆ, ಏಳೋಕೆ ಬರಲ್ಲ

ಕಿಟಕೀಲಿ ನನ್ನ ಮುಖ ಅವಳ ಕಣ್ಣಿಗೆ ಬಿತ್ತು. ಕುಂಟ್ಕೊಂಡು ಹೊರಗೆ ಬಂದು ನನ್ನ ಕೈ ಹಿಡ್ಕೊಂಡ್ಲು.

"ಅಕ್ಕಾ, ಯಾರಿಗೂ ಹೇಳ್ಬೇಡಿ. ನಿಮ್ಮ ಕಾಲಿಗೆ ಬೀಳೋಣ ಅಂದ್ರೆ ಬಗ್ಗೋಕಾಗಲ್ಲ. ಬಿದ್ದೆ ಅಂತಲೇ ತಿಳ್ಕೊಳ್ಳಿ."

"ಏನಾಯ್ತೇ ನಿಂಗೆ? ಈ ವಯಸ್ಸಲ್ಲಿ ಇದೇನು ಕುಣಿತ?"

ಆಗ ಎಲ್ಲಾ ಹೇಳಿದ್ಲು. ಬೂದಿಗೆರೆಯ ಮಗಳಿಗೆ ಐದು ತಿಂಗಳು. ಚೊಚ್ಚಲು ಬಾಣಂತನ, ತವರಲ್ಲೇ ಆಗಬೇಕಲ್ಲ. ಸಿಹಿ ಸುದ್ದಿ ಹೇಳೋಕೆ ಬೀಗರು ಬಂದಿದ್ದ ದಿನ ಇವಳು ಚಾಪೆ ಮೇಲೆ ಕೂತು ಬೀಗಿತ್ತಿಗೆ ಕುಂಕುಮ ಕೊಟ್ಟು, ತಾಂಬೂಲ ಕೊಟ್ಟಿದಾಳೆ. ಅಲ್ಲೀತನಕ ಎಲ್ಲಾ ಚೆನ್ನಾಗಿತ್ತು. ಆಮೇಲೆ ಏಳೋಕೆ ಹೋದ್ರೆ ಎದ್ದಿಲ್ಲ. ನೆಲಕ್ಕೆ ಕೈ ಊರಿದ್ಲಂತೆ, ಆಗಲಿಲ್ಲ. ಸೋಫಾ ಹಿಡಿದ್ಲಂತೆ, ಸೋಫಾನೇ ಇವಳ ಕಡೆ ಜರುಗಿತು. ಕೊನೆಗೆ ಕೈಗೆ ಸಿಕ್ಕಿದ್ದು ಬೀಗಿತ್ತಿ ಸೆರಗು. ಅದನ್ನ ಹಿಡ್ಕೊಂಡು ಎದ್ದಿದಾಳೆ.

ಬೀಗಿತ್ತಿ ಸೆರಗು ಸರಿಮಾಡ್ಕೊಂಡು ಹೇಳಿದ್ಲಂತೆ, "ತಪ್ಪು ತಿಳ್ಕೋಬೇಡಿ. ಮೂರು ತಿಂಗಳು ದಿನಾ ನೆಲದ ಮೇಲೆ ಕೂತು, ಕಾಲು ಚಾಚಿ, ಮಗೂನ ಕಾಲ ಮೇಲೆ ಹಾಕ್ಕೊಂಡು ನೀರು ಹುಯ್ಯಬೇಕು. ಹುಯ್ದ ಮೇಲೆ ಒದ್ದೆ ಮಗೂನ ಎತ್ಕೊಂಡು ಏಳಬೇಕು. ಆವಾಗ ಹಿಡ್ಕೊಳ್ಳೋಕೆ ನನ್ನ ಸೆರಗು ಇರಲ್ಲ. ಸೀಮಂತದ ಹೊತ್ತಿಗೆ ನೋಡಣ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಹುಡುಗಿ ನಮ್ಮಲ್ಲೇ ಇರ್ಲಿ."

ಡಾಕ್ಟ್ರು ಎಕ್ಸರೇ ತೆಗೆಸಿ, ಮೂಳೆ ಚೆನ್ನಾಗಿದೆ, ಕಾಲಲ್ಲಿ ಶಕ್ತಿ ಹೋಗಿದೆ, ಕಸರತ್ತು ಮಾಡಿ ಅಂದ್ರಂತೆ.

"ಇಷ್ಟಕ್ಕೇನೇ? ನಾನಿಲ್ವಾ? ಈ ಬೀದಿಯ ಅರ್ಧ ಮಕ್ಕಳಿಗೆ ನೀರು ಹುಯ್ದಿರೋಳು ನಾನು" ಅಂದೆ.

"ಅದೇ ಅಕ್ಕಾ ಭಯ. ನೀವು ಹುಯ್ದ್ರೆ ಮಗೂಗೆ ಎಲ್ಲೆಲ್ಲಿ ಮಚ್ಚೆ ಇದೆ ಅಂತ ಸಂಜೆ ಹೊತ್ತಿಗೆ ಬಸ್ ಸ್ಟ್ಯಾಂಡಲ್ಲಿ ಎಲ್ರಿಗೂ ಗೊತ್ತಿರ್ತದೆ." ಹಂಗಂದವಳು ಆಮೇಲೆ ಸಣ್ಣ ದನೀಲಿ, "ನನ್ನ ಮೊಮ್ಮಗು ನನ್ನ ಕಾಲ ಮೇಲೇ ಮಲಗಬೇಕು ಅಕ್ಕಾ" ಅಂದ್ಲು. ಕಣ್ಣಲ್ಲಿ ನೀರು ಬಂದಿತ್ತು. ನಂಗೂ ಒಂಥರಾ ಆಯ್ತು, ಬಯ್ಯೋದು ಮರೆತೇಹೋಯ್ತು.

ಮೊದಲನೇ ದಿನದ ಕತೆ ಆಮೇಲೆ ಜಿಮ್ಮಿನ ಮೇಡಮ್ಮು, ಅದೇ ಪ್ಯಾಂಟಿನವಳು, ಹೇಳಿದ್ಲು. ಇವಳನ್ನ ಶೆಡ್ಡಿನ ನಡುಮಧ್ಯೆ ನಿಲ್ಲಿಸಿ, "ಎಲ್ಲಿ ಆಂಟಿ, ಒಂದ್ಸಲ ಕೂತ್ಕೊಳ್ಳಿ, ನೋಡಣ" ಅಂದಿದಾಳೆ. ಅರ್ಧಕ್ಕೆ ಕೂತು ಏಳಲಿ ಅಂತ ಅವಳ ಲೆಕ್ಕ. ನಮ್ಮವಳು ಧಡ್ ಅಂತ ನೆಲದ ಮೇಲೆ ಚಕ್ಕಂಬಕ್ಕಳ ಹಾಕ್ಕೊಂಡು ಕೂತುಬಿಟ್ಲಂತೆ, ಊಟಕ್ಕೆ ಎಲೆ ಹಾಕಿಸಿಕೊಳ್ಳೋರ ಹಂಗೆ.

"ಸರಿ ಆಂಟಿ, ಈಗ ಏಳಿ."

"ಏಳೋದು ಕಲಿಯೋಕೇ ಬಂದಿರೋದು ಕಣಮ್ಮ. ಅದು ಗೊತ್ತಿದ್ರೆ ಮನೇಲೇ ಕೂತಿರ್ತಿದ್ದೆ."

೩. ಹಿಮ್ಮಡಿ ಕೆಳಗೆ ಏನಿಡೋದು

ಗುಟ್ಟು ಗೊತ್ತಾದ ಮೇಲೆ ನಾನೂ ಜೊತೇಲಿ ಹೋಗೋಕೆ ಶುರುಮಾಡಿದೆ. ನಾನೇನು ಕಸರತ್ತು ಮಾಡಲ್ಲ. ಅಲ್ಲೊಂದು ಬೆಂಚಿದೆ, ಫ್ಯಾನ್ ಇದೆ, ಎಂಟು ಹತ್ತು ಮನೆಯ ಹೆಂಗಸ್ರು ಬರ್ತಾರೆ. ನಂಗೆ ಇನ್ನೇನು ಬೇಕು?

ಇವಳ ತೊಂದರೆ ಏನಪ್ಪಾ ಅಂದ್ರೆ, ಕೆಳಕ್ಕೆ ಇಳಿದಂಗೆಲ್ಲ ಹಿಮ್ಮಡಿ ಮೇಲಕ್ಕೆ ಏಳ್ತದೆ. ಪಕ್ಕದ ಮನೆ ಗೋಡೆ ಮೇಲಿಂದ ಇಣುಕೋರು ತುದಿಗಾಲಲ್ಲಿ ನಿಲ್ತಾರಲ್ಲ, ಹಂಗೆ. ನಂಗೆ ಆ ನಿಲುವು ಚೆನ್ನಾಗಿ ಗೊತ್ತು. ಹಿಮ್ಮಡಿ ಎದ್ದ ಕೂಡ್ಲೇ ಮುಂದಕ್ಕೆ ಮುಗ್ಗರಿಸ್ತಾಳೆ.

ಮೇಡಮ್ಮು ನೋಡಿದ್ಲು. "ಕಾಲಿನ ಗಂಟು ಬಿಗಿದಿದೆ ಆಂಟಿ, ನಿಧಾನಕ್ಕೆ ಸಡಿಲ ಆಗ್ತದೆ. ಅಲ್ಲೀತನಕ ಹಿಮ್ಮಡಿ ಕೆಳಗೆ ಏನಾದ್ರೂ ಒತ್ತು ಕೊಡಣ" ಅಂತ ಭಾರ ಎತ್ತೋಕೆ ಇಟ್ಟಿದ್ದ ಎರಡು ಸಣ್ಣ ಕಬ್ಬಿಣದ ಬಿಲ್ಲೆ ತಂದಿಟ್ಲು.

ನಮ್ಮವಳು ಎರಡು ಹೆಜ್ಜೆ ಹಿಂದಕ್ಕೆ. "ಇದರ ಮೇಲೆ ಕುಂಕುಮ ಇದೆ!"

"ಆಯುಧಪೂಜೇಲಿ ಹಚ್ಚಿದ್ದು ಆಂಟಿ."

"ಪೂಜೆ ಮಾಡಿದ ಕಬ್ಬಿಣ ತುಳೀತಾರಾ? ನಾಳೆ ಹುಟ್ಟೋ ಮಗೂಗೆ ಏನಾದ್ರೂ ಆದ್ರೆ?"

ಮೇಡಮ್ಮು ಮೇಜಿನ ಮೇಲಿದ್ದ ಎರಡು ದಪ್ಪ ಪುಸ್ತಕ ತಂದ್ಲು. "ಸರಸ್ವತಿ ಕಣಮ್ಮ" ಅಂತ ಇವಳು ಕಣ್ಣಿಗೆ ಒತ್ಕೊಂಡು ವಾಪಸ್ ಕೊಟ್ಲು. ಮೇಡಮ್ಮು ಮೂಲೇಲಿದ್ದ ಖಾಲಿ ಅಕ್ಕಿ ಚೀಲ ಮಡಚಿ ತಂದ್ಲು. "ಅನ್ನ ತುಂಬಿದ್ದ ಚೀಲ, ಅದು ಅನ್ನಪೂರ್ಣೆ" ಅಂದ್ಲು ಇವಳು. ಮೇಡಮ್ಮು ತಲೆ ಮೇಲೆ ಕೈ ಹೊತ್ಕೊಂಡು ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕೂತ್ಲು. "ಅಜ್ಜಿ, ದೇವರಿಲ್ಲದ ಸಾಮಾನು ನಿಮ್ಮ ಬೀದೀಲಿ ಯಾವುದಾದ್ರೂ ಇದ್ಯಾ?" ಅಂತ ಕೇಳಿದ್ಲು.

ಮುಂದಿನ ಸಲ ನಮ್ಮವಳೇ ಮನೆಯಿಂದ ಒಂದು ಗಂಟು ತಂದ್ಲು. ಬಿಚ್ಚಿದ್ರೆ ಗಂಡನ ಎರಡು ದಪ್ಪ ಪ್ಯಾಂಟು. ನಾಲ್ಕು ಮಡಿಕೆ ಮಡಚಿ, ಹಿಮ್ಮಡಿ ಕೆಳಗೆ ಹಾಕ್ಕೊಂಡು, ಚೊಕ್ಕವಾಗಿ ಹತ್ತು ಸಲ ಕೂತು ಎದ್ಲು. ಒಂದ್ಸಲಾನೂ ಮುಗ್ಗರಿಸಲಿಲ್ಲ.

ಮೇಡಮ್ಮಿಗೆ ತಡೆಯೋಕಾಗಲಿಲ್ಲ. "ಅಲ್ಲಾ ಆಂಟಿ, ಗಂಡನೇ ದೇವರು ಅಂತಾರಲ್ಲ, ಇದನ್ನ ತುಳೀಬಹುದಾ?"

"ಮೂವತ್ತು ವರ್ಷ ಒಗೆದಿದೀನಿ ಕಣಮ್ಮ. ತುಳೀಬಹುದು."

೪. ಕನ್ನಡಿ ಮುಂದೆ

ಪ್ಯಾಂಟು ಹುಡುಕಿ ಹುಡುಕಿ ಗಂಡನಿಗೂ ವಿಷಯ ಗೊತ್ತಾಯ್ತು. ಪಾಪ, ಬಯ್ಯಲಿಲ್ಲ. "ಹೊಸದೊಂದು ಬಿಟ್ಟುಬಿಡು" ಅಂದನಂತೆ ಅಷ್ಟೇ.

ಆಮೇಲೆ ಇನ್ನೊಂದು ರೋಗ ಹಿಡೀತು ಇವಳಿಗೆ. ಮೇಡಮ್ಮು ದೊಡ್ಡ ಕನ್ನಡಿ ಮುಂದೆ ನಿಲ್ಲಿಸಿದ್ಲು, ಅವರವರ ತಪ್ಪು ಅವರವರೇ ನೋಡ್ಕೊಳ್ಳಲಿ ಅಂತ. ಅಷ್ಟೇ ತಡ. ಬಲಗಡೆ ಮಂಡಿ ಒಳಕ್ಕೆ ಹೋಗ್ತದೆ ಅಂತ ಒಂದು ದಿನ. ಎಡಗಡೆ ಭುಜ ಇಳಿದಿದೆ ಅಂತ ಒಂದು ದಿನ. ಬೆನ್ನು ಗೂನು ಕಾಣ್ತದೆ ಅಂತ ಇನ್ನೊಂದು ದಿನ. ಎರಡು ವಾರ ಬರೀ ಕನ್ನಡಿ ನೋಡೋದು, ಅರ್ಧಕ್ಕೆ ಇಳಿಯೋದು, "ಥೂ, ಸರಿ ಬರ್ಲಿಲ್ಲ" ಅಂತ ಎದ್ದು ನಿಲ್ಲೋದು. ಭಾರ ಕೊಟ್ರೆ ಮುಟ್ಟಲ್ಲ. ಪೂರ್ತಿ ಸರಿಯಾಗೋವರ್ಗೂ ಮುಟ್ಟಲ್ಲ ಅಂತ ಹಟ. ಅತ್ತ ಮಗಳಿಗೆ ಆರು ತುಂಬಿತು.

ಮೇಡಮ್ಮು ಒಂದು ದಿನ ಕೇಳಿದ್ಲು, "ಆಂಟಿ, ನೀವು ಮೊದಲನೇ ಸಲ ರೊಟ್ಟಿ ತಟ್ಟಿದ್ರಲ್ಲ, ದುಂಡಗೆ ಬಂದಿತ್ತಾ?"

"ಎಲ್ಲಿ ಬರ್ತದೆ."

"ಬಿಸಾಕಿದ್ರಾ?"

"ಯಾಕೆ ಬಿಸಾಕ್ತಾರೆ? ನಮ್ಮನೆಯವರು ತಿಂದ್ರು."

"ಇನ್ನೂ ಬದುಕಿದಾರಲ್ಲ? ಹಂಗೇ ಇದೂನೂ. ಈ ಊರಲ್ಲಿ ಯಾರ ಮಂಡೀನೂ ಪಟದಲ್ಲಿ ಬರೆದಂಗೆ ಇಲ್ಲ, ನಂದೂ ಸೇರಿಸಿ. ನೋವಾಗಬಾರದು, ಬೀಳಬಾರದು, ಹೋದ ವಾರಕ್ಕಿಂತ ಈ ವಾರ ಒಂಚೂರು ಮೇಲಿರಬೇಕು. ಸಾಕು. ಸ್ವಲ್ಪ ಸ್ವಲ್ಪ ಭಾರ ಹೊತ್ಕೊಂಡು ಮಾಡ್ತಾ ಮಾಡ್ತಾನೇ ಸರಿಹೋಗ್ತದೆ. ಕನ್ನಡಿ ನೋಡ್ತಾ ನಿಂತ್ರೆ ಮಗು ಹುಟ್ಟಿ ಸ್ಕೂಲಿಗೆ ಹೋಗ್ತದೆ ಅಷ್ಟೇ."

ನಂಗೆ ಬೆಂಚಿನ ಮೇಲೆ ಕೂತು ಕೂತು ಬಾಯಿ ತುರಿಸ್ತಿತ್ತು. "ಕೂರೋದನ್ನ ಇಷ್ಟು ದೊಡ್ಡದು ಮಾಡ್ತೀರಲ್ಲ, ಹಿಂಗೆ ಕೂರೋದು" ಅಂತ ಎದ್ದುಬಂದು, ನಡುಮಧ್ಯೆ ಕುಕ್ಕರಗಾಲಲ್ಲಿ ಕೂತೆ. ಪಾತ್ರೆ ಬೆಳಗಿ, ರಾಗಿ ಹಸನುಮಾಡಿ, ಕಂಡಿಕೆ ಸುತ್ತಿ ಬೆಳೆದ ಕಾಲು ಇದು.

ಮೇಡಮ್ಮು ಚಪ್ಪಾಳೆ ಹೊಡೆದ್ಲು. "ಎಲ್ರೂ ಬನ್ನಿ ಇಲ್ಲಿ! ಅಜ್ಜಿ ನೋಡಿ! ಹಿಮ್ಮಡಿ ನೆಲಕ್ಕೆ ಅಂಟಿದೆ, ಮಂಡಿ ಹೊರಕ್ಕಿದೆ, ಬೆನ್ನು ನೆಟ್ಟಗಿದೆ. ಇದು ನೋಡಿ ಕೂರೋದು ಅಂದ್ರೆ!" ಅಂತ ಫೋಟೋ ಹೊಡೆದ್ಲು. ಹೆಂಗಸ್ರೆಲ್ಲ ಸುತ್ತ ನಿಂತು ನೋಡಿದ್ರು. ಜಂಬ ಬಂತು ನಂಗೆ. "ಕೊಡಿ ಆ ಬಿಲ್ಲೆ, ಎತ್ಕೊಂಡು ಎದ್ದೂ ತೋರಿಸ್ತೀನಿ" ಅಂದೆ. ಮೇಡಮ್ಮು ಬೇಡ ಅಜ್ಜಿ, ಬೇಡ ಅಜ್ಜಿ ಅಂದ್ಲು. ನಾನು ಕೇಳಲಿಲ್ಲ. ಐದು ಕೆಜಿದು ಎದೆಗೆ ಅವುಚ್ಕೊಂಡೆ.

ಏಳಬೇಕು. ಮನಸ್ಸು ಎದ್ದಿತು. ಮೈ ಅಲ್ಲೇ ಇತ್ತು. ಬಿಲ್ಲೆ ವಾಪಸ್ ಇಸ್ಕೊಂಡ್ರು, ಆದ್ರೂ ಮಂಡಿ ಬಿಡಲಿಲ್ಲ. ಅಷ್ಟು ಜನ ನೋಡ್ತಿದಾರೆ, ಆಗಲ್ಲ ಅಂತ ಹೇಗೆ ಅನ್ನಲಿ? "ಏಳ್ತೀನಿ ಕಣ್ರೇ, ಅವಸರ ಏನು?" ಅಂತ ಕೂತಲ್ಲೇ ಮೂಲೆಮನೆ ಸೊಸೆ ಕತೆ ಶುರುಮಾಡಿದೆ. ಅದು ಮುಗೀತು. ಅವಳ ನಾದಿನಿ ಕತೆ ಹೇಳಿದೆ. ಅದೂ ಮುಗೀತು. ಶೆಡ್ಡಿಗೆ ಬೀಗ ಹಾಕೋ ಹೊತ್ತಾಯ್ತು, ಆಗ ಇಬ್ಬರು ರಟ್ಟೆ ಹಿಡಿದು ಎತ್ತಿದ್ರು.

ಬೀದೀಲಿ ಯಾರಾದ್ರೂ ಕೇಳಿದ್ರೆ ನಾನು ಹೇಳೋದು ಇಷ್ಟೇ: ಏಳೋಕೆ ಆಗ್ಲಿಲ್ಲ ಅಂತಲ್ಲ, ಎದ್ರೆ ಮಾತು ಅರ್ಧಕ್ಕೆ ನಿಲ್ತಿತ್ತು.

೫. ಸೀರೇಲಿ ಸುತ್ತಿದ್ದು

ನನ್ನ ಗತಿ ನೋಡಿ ಅವಳಿಗೆ ಧೈರ್ಯ ಬಂತು ಅಂತ ಕಾಣ್ತದೆ. ಅವತ್ತಿಂದ ಭಾರ ಹೊರೋಕೆ ಶುರುಮಾಡಿದ್ಲು. ಮಂಡಿ ಒಳಕ್ಕೆ ಹೋದ್ರೂ ಸರಿ, ಕನ್ನಡಿ ಕಡೆ ತಿರುಗಲೂ ಇಲ್ಲ.

ಮಗಳಿಗೆ ಏಳು ಬಿದ್ದಿತ್ತು. ಜಿಮ್ಮಿಗೆ ರಜಾ ಇದ್ದ ಒಂದು ಬೆಳಗ್ಗೆ, ನಾನು ಕಿಟಕಿ ಹತ್ರ ಸೊಪ್ಪು ಬಿಡಿಸ್ತಾ ಕೂತಿದ್ದೆ. ಎದುರುಮನೆ ಕಿಟಕಿ ತೆಗೆದಿತ್ತು. ನಾನು ನೋಡಿದ್ದಲ್ಲ, ಕಂಡಿದ್ದು. ಒಳಗೆ ಅವಳು ಹಳೇ ಹತ್ತಿ ಸೀರೇಲಿ ಏನನ್ನೋ ಸುತ್ತಿ ಎದೆಗೆ ಅವುಚ್ಕೊಂಡಿದಾಳೆ. ನಿಧಾನಕ್ಕೆ ಕೂರ್ತಾಳೆ, ನಿಧಾನಕ್ಕೆ ಏಳ್ತಾಳೆ, ಬೆನ್ನು ತಟ್ತಾಳೆ. "ಇನ್ನೊಂದ್ಸಲ ನನ್ನ ಕಂದಾ, ಇನ್ನೊಂದೇ ಸಲ" ಅಂತಾಳೆ. ಒಂದ್ಸಲ ಸೀರೆ ಸರಿಸಿ ಮುತ್ತು ಬೇರೆ ಕೊಟ್ಲು.

ನನ್ನ ಕೈಲಿದ್ದ ಸೊಪ್ಪು ಕೈಲೇ ಉಳೀತು. ಮಗಳು ಹೆರೋಕೆ ಇನ್ನೂ ಎರಡು ಮೂರು ತಿಂಗಳು ಇದೆ. ಹಂಗಾದ್ರೆ ಇದು ಯಾರ ಮಗು? ಎಲ್ಲಿಂದ ಬಂತು? ಯಾಕೆ ಅಳಲ್ಲ?

ಹೋಗಿ ಬಾಗಿಲು ತಟ್ಟಿ ಕೇಳಬಹುದಿತ್ತು, ಒಪ್ಪಿಕೊಳ್ತೀನಿ. ಆದ್ರೆ ಕೇಳಿದ್ರೆ ಗೊತ್ತಾಗಿಬಿಡ್ತದೆ, ಆಮೇಲೆ ಮಾತಾಡೋಕೆ ಏನು ಉಳೀತದೆ? ನನ್ನ ತಂಗಿಗೆ ಫೋನ್ ಮಾಡಿದೆ. ಅವಳೊಬ್ಬಳಿಗೇ. ಮಗು ಅಂತಾನೂ ಹೇಳಲಿಲ್ಲ, ಮಗು ಥರಾ ಅಂದೆ. ಆಣೆ ಹಾಕಿಸಿಕೊಂಡೆ. ತಂಗಿ ಇರೋದು ದೇವನಹಳ್ಳೀಲಿ. ಅವಳ ಸೊಸೆ ತವರು ಬೂದಿಗೆರೆ ಅನ್ನೋದು ಆ ಹೊತ್ತಿಗೆ ನಂಗೆ ನೆನಪಾಗಬೇಕಿತ್ತು, ಆಗಲಿಲ್ಲ.

ನಾನು ಫೋನ್ ಇಟ್ಟಿದ್ದು ಹತ್ತು ಗಂಟೆಗೆ. ಮಧ್ಯಾಹ್ನ ಒಂದಕ್ಕೆ ಬೀಗಿತ್ತಿ ಬಾಡಿಗೆ ಕಾರಿಂದ ಇಳಿದಾಯ್ತು. ನನ್ನ ಸೊಪ್ಪಿನ ಸಾರು ಇನ್ನೂ ಒಲೆ ಮೇಲೇ ಇತ್ತು.

೬. ಬೀಗಿತ್ತಿ ಎದುರಿಗೆ

ನಾನು ಮೊಸರಿಗೆ ಹೆಪ್ಪು ಕೇಳೋ ನೆಪದಲ್ಲಿ ಲೋಟ ಹಿಡ್ಕೊಂಡು ಎದುರುಮನೆಗೆ ಓಡಿದೆ. ಬೀಗಿತ್ತಿ ನಡುಮನೇಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ಲು. ಕೊಟ್ಟ ನೀರು ಮುಟ್ಟಿರಲಿಲ್ಲ. ಊಟಕ್ಕೆ ಬಂದಿದ್ದ ಗಂಡ ಕೈ ತೊಳ್ಕೊಂಡು ಹಂಗೇ ನಿಂತಿದ್ದ.

"ಎಲ್ಲಮ್ಮಾ ಮಗು?" ಅಂದ್ಲು ಬೀಗಿತ್ತಿ.

"ಯಾವ ಮಗು?"

"ಅದನ್ನೇ ನಾನು ಕೇಳ್ತಿರೋದು. ನಮ್ಮ ಸೊಸೆ ಇನ್ನೂ ಹೆತ್ತಿಲ್ಲ. ನಿಮ್ಮ ಮನೇಲಿ ಆಡ್ತಿರೋ ಮಗು ಯಾವುದು?"

ಗಂಡ ಹೆಂಡತಿ ಕಡೆ ತಿರುಗಿದ. "ನಮ್ಮನೇಲಿ ಮಗು ಇದ್ಯಾ? ನಂಗೆ ಯಾಕೇ ಹೇಳಲಿಲ್ಲ?"

ಬೀಗಿತ್ತಿ ಸೀದಾ ಕೋಣೆಗೆ ಹೋದ್ಲು. ಮಂಚದ ಮೇಲೆ ಸೀರೆ ಸುತ್ತಿದ್ದು ಮಲಗಿತ್ತು. ಮಗು ಎತ್ಕೊಳ್ಳೋ ಥರಾನೇ ಮೆತ್ತಗೆ ಎತ್ತೋಕೆ ಹೋದ್ಲು. "ಅಯ್ಯಪ್ಪಾ!" ಅಂತ ಕಿರುಚಿ ಕೈ ಬಿಟ್ಲು. ಸೀರೆ ಬಿಚ್ಚಿಕೊಳ್ತು. ಒಳಗಿದ್ದದ್ದು ಒರಳುಕಲ್ಲಿನ ಗುಂಡು. ನಾಮಕರಣದ ದಿನ ಮಗೂಗಿಂತ ಮುಂಚೆ ತೊಟ್ಟಿಲಿಗೆ ಹಾಕ್ತಾರಲ್ಲ, ಅದೇ ಗುಂಡುಕಲ್ಲು. ಅದಕ್ಕೊಂದು ದೃಷ್ಟಿಬೊಟ್ಟು ಬೇರೆ ಇಟ್ಟಿದ್ಲು.

ಇನ್ನು ಬಚ್ಚಿಡೋದೇನಿತ್ತು? ಜಿಮ್ಮು, ಪ್ಯಾಂಟು, ಕನ್ನಡಿ, ಎಲ್ಲಾ ಹೇಳಿಬಿಟ್ಲು. "ಅವತ್ತು ನಿಮ್ಮ ಸೆರಗು ಹಿಡ್ಕೊಂಡು ಎದ್ದೆನಲ್ಲ, ಅವತ್ತಿಂದ ನಂಗೆ ಊಟ ಸೇರಿಲ್ಲ. ಇರೋಳೊಬ್ಬಳು ಮಗಳು. ಅವಳ ಬಾಣಂತನ ನನ್ನ ಕೈಲಿ ಆಗ್ಲಿಲ್ಲ ಅಂದ್ರೆ ತಾಯಿ ಅಂತ ಯಾಕಿರಬೇಕು ನಾನು?"

ಬೀಗಿತ್ತಿ ಮೂಲೇಲಿದ್ದ ಚಾಪೆ ತಗೊಂಡು ನಡುಮನೇಲಿ ಹಾಸಿದ್ಲು. "ಸೀಮಂತದವರ್ಗೂ ಯಾಕೆ ಕಾಯೋದು? ಕೂತ್ಕೊಳ್ಳಿ. ಈಗ್ಲೇ ನೋಡ್ಬಿಡಣ." ತಾನೂ ಎದುರಿಗೆ ಚಾಪೆ ಮೇಲೆ ಕೂತ್ಲು, ಹತ್ರದಿಂದ ನೋಡೋಕೆ.

ನಮ್ಮವಳು ಸೆರಗು ಸಿಕ್ಕಿಸಿಕೊಂಡ್ಲು. ಕೂತ್ಲು. ಕಾಲು ಚಾಚಿದ್ಲು. ಗುಂಡುಕಲ್ಲನ್ನ ಕಾಲ ಮೇಲೆ ಮಲಗಿಸಿಕೊಂಡು, ಖಾಲಿ ಚೊಂಬಲ್ಲಿ ನೀರು ಹುಯ್ದಂಗೆ ಮಾಡಿದ್ಲು. ಕಲ್ಲಿನ ಕಣ್ಣಿಗೆ ನೀರು ಹೋಗಬಾರದು ಅಂತ ಹಣೆಗೆ ಕೈ ಅಡ್ಡ ಹಿಡಿದಿದ್ಲು ನೋಡಿ! ಅದನ್ನ ಕಂಡು ಬೀಗಿತ್ತಿ ಮುಖ ಒಂಚೂರು ಸಡಿಲವಾಯ್ತು. ಆಮೇಲೆ ಕಲ್ಲನ್ನ ಸೀರೇಲಿ ಸುತ್ತಿ ಎದೆಗೆ ಅವುಚ್ಕೊಂಡು, ಕಾಲು ಮಡಚಿಕೊಂಡು, ಏಳೋಕೆ ಹೊರಟ್ಲು.

ಮೊದಲು ಹಿಮ್ಮಡಿ ಎದ್ದಿತು. ಬಲಗಡೆ ಮಂಡಿ ಒಳಕ್ಕೆ ಹೋಯ್ತು. ಬೆನ್ನು ಬಿಲ್ಲಿನಂಗೆ ಬಾಗಿತು. ಮೇಡಮ್ಮು ಬೇಡ ಅಂದಿದ್ದು ಒಂದೊಂದೂ ಆಯ್ತು. ಅರ್ಧಕ್ಕೆ ಬಂದು ನಿಂತ್ಲು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ತೊಡೆ ಗಡಗಡ ಅಂತಿದೆ. ಗಂಡ ಹಿಡಿಯೋಕೆ ಮುಂದಕ್ಕೆ ಬಂದ.

"ಯಾರೂ ಮುಟ್ಬೇಡಿ!"

ಅಡುಗೆಮನೇಲಿ ಕುಕ್ಕರ್ ಕೂಗಿತು. ನಮ್ಮವಳೂ ಕೂಗಿದ್ಲು. ಕೂಗ್ತಾ ಕೂಗ್ತಾನೇ ಎದ್ದು ನಿಂತ್ಲು. ನೆಟ್ಟಗೆ! ಕಲ್ಲು ಎದೆ ಮೇಲೆ ಹಂಗೇ ಇತ್ತು, ಮಲಗಿದ್ದ ಮಗು ಎಚ್ಚರಾನೂ ಆಗಲ್ಲ, ಅಷ್ಟು ಜೋಪಾನ.

ಗಂಡ ಕಣ್ಣೊರೆಸ್ಕೊಂಡ. ಬೀಗಿತ್ತಿ ಏನೋ ಹೇಳೋಕೆ ಅಂತ ಏಳೋಕೆ ಹೋದ್ಲು. ಆಗಲಿಲ್ಲ. ನೆಲಕ್ಕೆ ಕೈ ಊರಿದ್ಲು, ಆಗಲಿಲ್ಲ. ಆ ಕಡೆ ನೋಡಿದ್ಲು, ಈ ಕಡೆ ನೋಡಿದ್ಲು, ಕೊನೆಗೆ ಸುಮ್ನೆ ಕೈ ಚಾಚಿದ್ಲು. ನಮ್ಮವಳು ಗುಂಡುಕಲ್ಲನ್ನ ಸೊಂಟದ ಮೇಲೆ ಕೂರಿಸ್ಕೊಂಡು, ಇನ್ನೊಂದು ಕೈಲಿ ಬೀಗಿತ್ತೀನ ಎಳೆದು ನಿಲ್ಲಿಸಿದ್ಲು.

ಬೀಗಿತ್ತಿ ಸೆರಗು ಕೊಡವಿಕೊಂಡ್ಲು. "ಸೀಮಂತ ಆದ ಮಾರನೇ ದಿನವೇ ಮಗಳನ್ನ ಕರ್ಕೊಂಡು ಬನ್ನಿ" ಅಂದ್ಲು. ಬಾಗಿಲ ತನಕ ಹೋಗಿ ತಿರುಗಿ, ದನಿ ತಗ್ಗಿಸಿ, "ಆ ಜಿಮ್ಮಿನ ಹುಡುಗಿ ಬೂದಿಗೆರೆ ಕಡೆಗೂ ಬರ್ತಾಳಾ?" ಅಂತ ಕೇಳಿದ್ಲು. ಅಷ್ಟು ಹೇಳಿ ಹೋಗಬಾರದಿತ್ತಾ? "ಅಂದಹಾಗೆ ಮಗು ಸುದ್ದಿ ನಂಗೆ ಬಂದಿದ್ದು ದೇವನಹಳ್ಳಿಯಿಂದ" ಅಂತಾನೂ ಅಂದ್ಲು.

ಗಂಡ ನನ್ನ ಕಡೆ ತಿರುಗಿದ. ಎದುರುಮನೆಯವಳೂ ತಿರುಗಿದ್ಲು. ನನ್ನ ತಂಗಿ ಎಲ್ಲಿರೋದು ಅಂತ ಈ ಬೀದೀಲಿ ಯಾರಿಗೆ ಗೊತ್ತಿಲ್ಲ? ಏನಾದ್ರೂ ಮಾತು ತೆಗೀಬೇಕಲ್ಲ, ಬಾಯಿಗೆ ಬಂದದ್ದು ಅಂದೆ.

"ಎಲ್ಲಾ ಸರಿ ಕಣೇ. ಆದ್ರೆ ಹಿಮ್ಮಡಿ ಎದ್ದಿತ್ತು, ಮಂಡೀನೂ ಒಳಕ್ಕೆ ಹೋಯ್ತು. ಕೂರೋದು ನಿಂಗೆ ಇನ್ನೂ ಪೂರ್ತಿ ಬರ್ಲಿಲ್ಲ."

ಅವಳು ಗುಂಡುಕಲ್ಲನ್ನ ಗಂಡನ ಕೈಗೆ ಕೊಟ್ಲು. ಬೆವರು ಒರೆಸ್ಕೊಂಡು ನನ್ನ ಮುಖದ ಮುಂದೆ ಬಂದು ನಿಂತ್ಲು. ಮೂವತ್ತು ವರ್ಷದಲ್ಲಿ ಒಂದು ಕೆಟ್ಟ ಮಾತು ಆಡದವಳು ಬೀಗಿತ್ತಿ ಎದುರಿಗೆ, ಗಂಡನ ಎದುರಿಗೆ ಹೇಳಿದ್ಲು:

"ಹೆಂಗೋ ಒಂದು ಅಂಕುಡೊಂಕಾಗಿ ನಾನು ಕೂತೂ ಆಯ್ತು, ಎದ್ದೂ ಆಯ್ತು ಅಕ್ಕಾ. ನೀವು ಹುಟ್ಟಿದಾಗಿಂದ ನಿಮ್ಮ ನಾಲಿಗೆ ಎದ್ದು ಕುಣೀತಾನೇ ಇದೆಯಲ್ಲ, ಅದನ್ನ ಒಂದೇ ಒಂದ್ಸಲ ಕೂರಿಸಿ ತೋರಿಸಿ. ಮತ್ತೆ ಏಳಿಸೋದೇನೂ ಬೇಡ."